ಬಾಣಂತನ ಮುಗಿದ ಮೇಲೆ

ಮಗುವನ್ನು ನೋಡಲು ಹೋಗುವುದೆಂಬುದು ನಮ್ಮ ಸಂಸಾರಗಳಲ್ಲಿ ಒಂದು ಕರ್ತವ್ಯವೂ ಹೌದು, ಒಂದು ವಿನೋದವೂ ಹೌದು. ಒಂದು ಜೊತೆ ಬಟ್ಟೆಯನ್ನೋ ಬೆಳ್ಳಿಯ ಒಳಲೆಯನ್ನೋ ಕೈಯಲ್ಲಿ ಹಿಡಿದು ಹೊರಡುತ್ತೇವೆ. ಹೊಸಿಲು ದಾಟಿದೊಡನೆ ನೇರವಾಗಿ ತೊಟ್ಟಿಲ ಬಳಿಗೆ ನಡೆಯುತ್ತೇವೆ. ಮೂಗು ಯಾರದು, ಹಣೆ ಯಾರದು ಎಂಬ ವಿಚಾರಣೆ ಪ್ರಾರಂಭವಾಗುತ್ತದೆ. ಕೂಸಿನ ಅಂಗಾಂಗಗಳನ್ನು ತಂದೆಯ ಕಡೆಯವರಿಗೂ ತಾಯಿಯ ಕಡೆಯವರಿಗೂ ನ್ಯಾಯವಾಗಿ ಹಂಚಿ ಮುಗಿದ ತರುವಾಯ, ಹಾಲು ಸಾಲುತ್ತದೆಯೇ, ರಾತ್ರಿ ನಿದ್ರೆ ಮಾಡುತ್ತದೆಯೇ, ತೂಕವೆಷ್ಟು ಎಂದು ತಾಯಿಯನ್ನು ಕೇಳುತ್ತೇವೆ. ಕಾಫಿ ಕುಡಿದು ಎದ್ದು ಬರುತ್ತೇವೆ. ನಾನು ಎಪ್ಪತ್ತೈದು ದಾಟಿದವನು. ಇಂತಹ ಭೇಟಿಗಳನ್ನು ನೂರಕ್ಕೆ ಕಡಮೆಯಿಲ್ಲದೆ ಮಾಡಿರಬೇಕು. ಅಷ್ಟರಲ್ಲಿ ಒಂದು ಸಲವಾದರೂ ಆ ತಾಯಿಯ ಮುಖ ನೋಡಿ, ‘ನೀನು ನಿದ್ರೆ ಮಾಡಿದೆಯಾ ಅಮ್ಮ?’ ಎಂದು ಕೇಳಿದ ನೆನಪು ನನಗಿಲ್ಲ.

ನಮ್ಮ ಹಿರಿಯರು ಬಾಣಂತಿಯನ್ನು ಮರೆತವರಲ್ಲ. ಹೆರಿಗೆಗೆಂದು ಮಗಳನ್ನು ತವರಿಗೆ ಕರೆತಂದು, ಮೂರು ತಿಂಗಳೋ ಐದು ತಿಂಗಳೋ ಇಟ್ಟುಕೊಂಡು ಕಳುಹಿಸುವ ಏರ್ಪಾಡು ಅವರದೇ. ಗಾಳಿ ಬೀಸದ ಬೇರೊಂದು ಕೋಣೆ, ಹಂಡೆ ತುಂಬ ಬಿಸಿನೀರು, ಅಭ್ಯಂಜನ, ಸಾಂಬ್ರಾಣಿಯ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ — ಇವೆಲ್ಲವನ್ನೂ ಕಂಡು ಬೆಳೆದವರು ನಾವು. ಇದರಲ್ಲಿ ಕೆಲವು ಪಥ್ಯಗಳನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಬಾಣಂತಿಗೆ ನೀರನ್ನು ಕಡಮೆ ಕೊಡಬೇಕೆಂಬ ಕಟ್ಟುಪಾಡಂತೂ ತೀರ ತಪ್ಪು. ಅದು ಹೇಗಾದರೂ ಇರಲಿ. ಆ ಕೆಲವು ತಿಂಗಳು ಮನೆಯ ನಾಲ್ಕಾರು ಜನರ ಗಮನ ಅವಳ ಮೇಲಿರುತ್ತಿತ್ತು. ಅವಳು ಕೈ ನೀಡಿದರೆ ಕೂಸನ್ನು ಕೊಡುವವರೂ ಇದ್ದರು, ಕೈ ಸೋತರೆ ತೆಗೆದುಕೊಳ್ಳುವವರೂ ಇದ್ದರು.

ಆಮೇಲೆ ಒಂದು ಶುಭದಿನ ಮಡಿಲಕ್ಕಿ ತುಂಬಿ ಅವಳನ್ನು ಗಂಡನ ಮನೆಗೆ ಕಳುಹಿಸುತ್ತಾರೆ. ಅಂದಿಗೆ ಬಾಣಂತನ ಮುಗಿಯಿತು. ಹಸಿ ಬಾಣಂತಿ, ಬಾಣಂತಿ ಎಂದು ಅಲ್ಲಿಯವರೆಗೆ ಅವಳಿಗೆ ಹೆಸರುಗಳಿದ್ದವು. ಅಲ್ಲಿಂದ ಮುಂದೆ ಕೂಸು ಅಂಬೆಗಾಲಿಟ್ಟು, ನಡೆದು, ಬಿದ್ದು, ಹಠ ಹಿಡಿದು, ಹಲಗೆ ಬಳಪ ಹಿಡಿಯುವವರೆಗಿನ ನಾಲ್ಕೈದು ವರ್ಷ ತಾಯಿಯ ಪಾಡೇನೆಂಬುದಕ್ಕೆ ನಮ್ಮ ಮಾತಿನಲ್ಲಿ ಒಂದು ಹೆಸರೂ ಇದ್ದಂತೆ ಕಾಣೆ. ಹೆಸರಿಲ್ಲದ ಕಷ್ಟವನ್ನು ಕೇಳುವವರು ಯಾರು?

ಈ ಮಾತು ನನಗೆ ತಾನಾಗಿ ಹೊಳೆದುದಲ್ಲ. 2023ರ ಆಷಾಢದಲ್ಲಿ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಲ್ಲಿರುವ ಕಿರಿಯ ಮಗನ ಮನೆಗೆ ಹೋಗಿದ್ದೆವು. ಮನೆ ನಾಲ್ಕನೆಯ ಅಂತಸ್ತಿನಲ್ಲಿದೆ, ಗಾಳಿ ಬೆಳಕು ಚೆನ್ನಾಗಿವೆ, ಅನುಕೂಲಗಳಿಗೆ ಕೊರತೆಯಿಲ್ಲ. ಹಿರಿಯ ಮೊಮ್ಮಗಳಿಗೆ ಆಗ ಮೂರೂವರೆ ವರ್ಷ. ಕಿರಿಯದಕ್ಕೆ ಏಳು ತಿಂಗಳು. ಬೀಗಿತ್ತಿಯವರು ಬಂದು ಮೂರು ತಿಂಗಳು ಬಾಣಂತನ ಮಾಡಿ, ತಮ್ಮ ಯಜಮಾನರಿಗೆ ದೇಹಸ್ಥಿತಿ ಸರಿಯಿಲ್ಲವೆಂದು ಊರಿಗೆ ಹಿಂತಿರುಗಿದ್ದರು. ನಮ್ಮ ಸೊಸೆ ಒಂದು ಕಂಪನಿಯಲ್ಲಿ ಕೆಲಸದಲ್ಲಿರುವವಳು. ಹೆರಿಗೆಯ ರಜವನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ 2017ರ ಕಾನೂನಿನ ದಯದಿಂದ ಆರು ತಿಂಗಳು ರಜ ದೊರೆತು, ಅದೂ ಮುಗಿದು, ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡತೊಡಗಿದ್ದಳು. ಮಗ ಬೆಳಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಬರುವನು.

ಹೋದ ಎರಡು ಮೂರು ದಿನಗಳಲ್ಲಿಯೇ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ಹಿರಿಯ ಹುಡುಗಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಒಂದು ವರ್ಷವಾಗಿತ್ತು, ಪುನಃ ಮಾಡುತ್ತಿದ್ದಳು. ತಾಯಿ ಎಲ್ಲಿ ಹೋದರೆ ಅಲ್ಲಿಗೆ ಸೆರಗು ಹಿಡಿದು ಹೋಗುವಳು. ಹೋಗಿ ಏನನ್ನೂ ಕೇಳಳು, ಸುಮ್ಮನೆ ನಿಂತು ತಾಯಿಯ ಮುಖವನ್ನೇ ನೋಡುವಳು. ಒಂದು ಮಧ್ಯಾಹ್ನ ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಅವಳು ತನ್ನ ಬೊಂಬೆಯ ಬಾಯಿಗೆ ಕೈ ಅಡ್ಡವಿಟ್ಟು, ‘ಅಳಬೇಡ, ಅಮ್ಮನಿಗೆ ಕೇಳಿಸಿದರೆ ಅಮ್ಮನೂ ಅಳ್ತಾಳೆ’ ಎಂದು ಗುಟ್ಟಾಗಿ ಹೇಳುತ್ತಿದ್ದುದು ಕಿವಿಗೆ ಬಿದ್ದಿತು. ಮಕ್ಕಳಾಟವೆಂದು ನಕ್ಕು ಮತ್ತೆ ಕಣ್ಣು ಮುಚ್ಚಿದೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನಾನೊಂದು ಉಪನ್ಯಾಸ ಮಾಡಿದೆ. ನಿವೃತ್ತನಾದ ಮೇಷ್ಟರಿಗೆ ಈ ಚಪಲ ಹೋಗುವುದಿಲ್ಲ. ‘ನಮ್ಮ ಕಾಲದಲ್ಲಿ ಹದಿನಾಲ್ಕು ಜನರ ಮನೆ. ಮಕ್ಕಳು ಹುಟ್ಟಿದ್ದು ಗೊತ್ತು, ಬೆಳೆದದ್ದು ಗೊತ್ತಾಗಲಿಲ್ಲ. ಅಜ್ಜಿಯ ಕೈಯಿಂದ ಅತ್ತೆಯ ಕೈಗೆ, ಅತ್ತೆಯ ಕೈಯಿಂದ ಚಿಕ್ಕಮ್ಮನ ಕೈಗೆ. ನೀವು ಬೇರೆ ಬೇರೆ ಗೂಡು ಕಟ್ಟಿಕೊಂಡು ಈ ಕಷ್ಟವನ್ನು ತಂದುಕೊಂಡಿರಿ’ ಎಂಬುದು ಅದರ ಸಾರಾಂಶ. ಮಗ ತಲೆದೂಗಿದ. ಸೊಸೆ ತಟ್ಟೆಯನ್ನೆತ್ತಿಕೊಂಡು ಒಳಕ್ಕೆ ಹೋದಳು. ನನ್ನ ಹೆಂಡತಿ ಮಾತನಾಡಲಿಲ್ಲ. ಅವಳು ಮಾತನಾಡದಿದ್ದರೆ ಒಪ್ಪಿದಳೆಂದು ತಿಳಿಯುವುದು ನನ್ನ ಬಹುಕಾಲದ ರೂಢಿ.

ನಡುರಾತ್ರಿ ನೀರು ಕುಡಿಯಲೆಂದು ಎದ್ದೆ. ಅಡಿಗೆಮನೆಯಲ್ಲಿ ದೀಪವಿರಲಿಲ್ಲ, ನಲ್ಲಿಯಿಂದ ನೀರು ಬೀಳುತ್ತಿತ್ತು. ಸೊಸೆ ಅದರ ಮುಂದೆ ಕೈಕಟ್ಟಿ ನಿಂತಿದ್ದಳು. ಒಳಗೆ ಕೂಸು ಅಳುತ್ತಿತ್ತು. ನಾನು ಏನೆಂದು ಕೇಳಿದುದಕ್ಕೆ, ತಿರುಗಿ ನೋಡದೆಯೇ ಹೇಳಿದಳು: ‘ಮಾವ, ಮಗು ಅಳುವುದು ಕೇಳಿಸುತ್ತದೆ. ಹೋಗಿ ಎತ್ತಿಕೊಳ್ಳಬೇಕೆಂದು ಗೊತ್ತು. ಆದರೆ ಒಳಗೆ ಏನೂ ಆಗುವುದೇ ಇಲ್ಲ. ಎಷ್ಟೋ ದಿನಗಳಿಂದ ಹೀಗೆಯೇ. ನಾನು ತಾಯಿಯೇ ಅಲ್ಲವೇನೋ.’

ನಾನು ಏನು ಹೇಳಿದೆನೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ; ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ‘ಎಲ್ಲ ತಾಯಂದಿರಿಗೂ ಆಗುವುದೇ ಅಮ್ಮ. ದೇವರ ಮೇಲೆ ಭಾರ ಹಾಕಿ ಮಲಗು’ ಎಂದೆ. ನೀರು ಕುಡಿದು ಹೋಗಿ ಮಲಗಿದೆ. ಚೆನ್ನಾಗಿ ನಿದ್ರೆಯೂ ಬಂದಿತು.

ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಇದನ್ನು ಹೆಂಡತಿಗೆ ಒಂದು ಸಮಾಚಾರದಂತೆ ತಿಳಿಸಿದೆ. ಅವಳು ಲೋಟವನ್ನು ಕೆಳಗಿಟ್ಟು, ‘ನೀವು ಏನೆಂದಿರಿ?’ ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಅದನ್ನೇ ಹೇಳಿದಿರಿ’ ಎಂದಳು.

ಇಲ್ಲಿ ನಲವತ್ತೈದು ವರ್ಷ ಹಿಂದಕ್ಕೆ ಹೋಗಬೇಕು. 1978ರಲ್ಲಿ ನಾನು ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ, ನಮ್ಮ ಹುಟ್ಟೂರಿನ ಪಕ್ಕದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದೆ. ಹಿರಿಯ ಮಗಳಿಗೆ ಮೂರು ವರ್ಷ. ಎರಡನೆಯ ಮಗ ಕೈಗೂಸು. ಮನೆಯಲ್ಲಿ, ನಾನು ಉಪನ್ಯಾಸದಲ್ಲಿ ಹೇಳಿದಂತೆಯೇ, ಹದಿನಾಲ್ಕು ಜನ. ‘ಹದಿನಾಲ್ಕು ಜನರಿದ್ದದ್ದು ನಿಜ. ಹದಿನಾಲ್ಕು ಜನಕ್ಕೂ ಬಡಿಸುತ್ತಿದ್ದವಳು ನಾನು’ ಎಂದು ಹೆಂಡತಿ ಪ್ರಾರಂಭಿಸಿದಳು. ಆ ವರ್ಷ ಚಳಿಗಾಲದುದ್ದಕ್ಕೂ ಅವಳು ಉಗ್ರಾಣದಲ್ಲಿ ಅಕ್ಕಿಯ ವಾಡೆಗಳ ನಡುವೆ ನಿಂತು ಅಳುತ್ತಿದ್ದಳಂತೆ. ಕೂಸಿಗೆ ಹಾಲೂಡುವಾಗ ಅದರ ಮುಖ ನೋಡಲು ಮನಸ್ಸು ಬಾರದೆ ಗೋಡೆಯನ್ನು ನೋಡುತ್ತಿದ್ದಳಂತೆ. ಕಣ್ಣು ಕೆಂಪಾಗಿದ್ದರೆ ಒಲೆಯ ಹೊಗೆಯೆಂದು ಎಲ್ಲರೂ ತಿಳಿಯುತ್ತಿದ್ದರು. ಹೊಗೆಯಿದ್ದ ಮನೆಯಲ್ಲಿ ಅಳುವುದು ಸುಲಭವೆಂದು ಹೇಳಿ ಅವಳು ನಕ್ಕಳು. ಒಂದು ರಾತ್ರಿ ನನ್ನೊಡನೆ ಹೇಳಿಕೊಂಡಳು. ನಾನು ದೇವರ ಮೇಲೆ ಭಾರ ಹಾಕೆಂದೆ. ಅದರ ಲವಲೇಶವೂ ನನಗೆ ನೆನಪಿಲ್ಲ.

ಆ ದಿನಗಳಲ್ಲಿ ಅವಳನ್ನು ಕೇಳಿದವಳು ಒಬ್ಬಳೇ — ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬರುತ್ತಿದ್ದ ಮುದುಕಿ. ಅವಳು ಬಂದವಳೇ ಕೂಸಿನ ಕಡೆಗೆ ಕಣ್ಣೆತ್ತುವ ಮೊದಲು, ‘ಉಂಡ್ಯಾ ನನ್ನವ್ವ? ರಾತ್ರಿ ಕಣ್ಣು ಮುಚ್ಚಿದ್ಯಾ?’ ಎನ್ನುವಳಂತೆ. ಇವಳು ಇಲ್ಲವೆಂದರೆ, ‘ನೀರು ಹಾಕೋದು ನಿಧಾನ ಮಾಡ್ತೀನಿ, ನೀನು ಅಲ್ಲೇ ಒರಗಿಕೊ’ ಎಂದು ಸ್ನಾನವನ್ನು ಒಂದು ಗಳಿಗೆ ಬೆಳೆಸುವಳಂತೆ. ಆ ಗಳಿಗೆಯ ನಿದ್ರೆಯ ಸುಖವನ್ನು ನನ್ನ ಹೆಂಡತಿ ಇಂದಿಗೂ ವರ್ಣಿಸಬಲ್ಲಳು.

ಅನಂತರದ ಮಾತು ನನ್ನನ್ನು ಹೆಚ್ಚು ನೋಯಿಸಿತು. ಎಳೆಯ ಮಕ್ಕಳಿಗೂ ಅವರ ತಾಯಂದಿರಿಗೂ ಒಂದೇ ಕಡೆಯಲ್ಲಿ ಆಹಾರ, ಆರೋಗ್ಯ, ಶಿಕ್ಷಣಗಳನ್ನು ಒದಗಿಸುವ ಯೋಜನೆಯನ್ನು ಭಾರತ ಸರ್ಕಾರ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಸ್ಥಳ ನಮ್ಮ ನರಸೀಪುರವೇ. ತಾಲ್ಲೂಕಿನಲ್ಲಿ 100 ಅಂಗನವಾಡಿಗಳು ತೆರೆದವು. ಅವುಗಳಲ್ಲೊಂದು ನಮ್ಮೂರಿನ ಭಜನೆಮನೆಯ ಜಗಲಿಯ ಮೇಲೆ ನಡೆಯುತ್ತಿತ್ತು. ಅಂಗನವೆಂದರೆ ಅಂಗಳ, ಹೆಸರಿಟ್ಟವರು ತಿಳಿದೇ ಇಟ್ಟಿರಬೇಕು. ಆದರೆ ನಾವು ನಾಲ್ಕಕ್ಷರ ಕಲಿತವರು ಅದನ್ನು ಬಡವರ ಮಕ್ಕಳಿಗೆ ಹಿಟ್ಟು ಹಂಚುವ ಜಾಗವೆಂದು ಮಾತ್ರ ಎಣಿಸಿದ್ದೆವು. ನನ್ನ ಹೆಂಡತಿ ಒಂದು ದಿನ ಮಗಳ ಕೈ ಹಿಡಿದು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಹೋದಳಂತೆ. ಮಗಳು ಉಳಿದ ಮಕ್ಕಳೊಂದಿಗೆ ಕುಣಿಯುತ್ತಿರಲು ಇವಳು ಜಗಲಿಯ ಕಂಬಕ್ಕೊರಗಿ ಕುಳಿತಳು. ಅಕ್ಕಪಕ್ಕದಲ್ಲಿ ನಾಲ್ಕಾರು ಜನ ತಾಯಂದಿರು. ಒಬ್ಬಳಿಗೆ ಹಾಲಿಲ್ಲ, ಒಬ್ಬಳಿಗೆ ಗಂಡನ ಕಾಟ, ಒಬ್ಬಳು ಮೂರನೆಯದನ್ನು ಹೆತ್ತು ಮಾತೇ ಬಿಟ್ಟಿದ್ದಾಳೆ. ಮರುದಿನವೂ ಹೋದಳು, ಹೀಗೆ ಹತ್ತು ಹನ್ನೆರಡು ದಿನ. ‘ಅಲ್ಲಿ ಅಳು ಬರುತ್ತಿರಲಿಲ್ಲ’ ಎಂದಳು.

ಈ ಸುದ್ದಿ ಶಾಲೆಯಲ್ಲಿ ನನ್ನ ಕಿವಿಗೆ ಬಿದ್ದಿತು. ‘ಮೇಷ್ಟರ ಹೆಂಡತಿ ಅಲ್ಲಿ ಹೋಗಿ ಕೂತುಕೊಳ್ಳುವುದು ಚೆನ್ನಲ್ಲ. ನಮ್ಮಂಥವರ ಮನೆಯ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ’ ಎಂದು ಹೇಳಿ ನಿಲ್ಲಿಸಿದೆನಂತೆ. ಅಂತೆಯೇನು, ಇದು ಮಾತ್ರ ನನಗೆ ನೆನಪಿದೆ. ಅಂದು ನಾನು ಮನೆಯ ಮರ್ಯಾದೆಯನ್ನು ಕಾಪಾಡಿದೆನೆಂಬ ತೃಪ್ತಿಯಲ್ಲಿ ಮಲಗಿದ್ದೂ ನೆನಪಿದೆ. ನಲವತ್ತೈದು ವರ್ಷ ಅವಳು ಇದನ್ನು ಎತ್ತಿ ಆಡಿದವಳಲ್ಲ. ಆ ಬೆಳಗ್ಗೆಯೂ ಕೋಪದಿಂದ ಹೇಳಲಿಲ್ಲ. ಹಳೆಯ ಪೆಟ್ಟಿಗೆಯಿಂದ ಒಂದು ಸೀರೆಯನ್ನು ತೆಗೆದು ತೋರಿಸಿದಂತೆ ಹೇಳಿ, ಮಡಿಸಿ ಇಟ್ಟಳು. ಆಮೇಲೆ ಎದ್ದು ಸೊಸೆಯ ಕೋಣೆಗೆ ಹೋದಳು.

ಅವಳು ಅಲ್ಲಿ ಬುದ್ಧಿಮಾತೇನನ್ನೂ ಹೇಳಲಿಲ್ಲ. ಕೂಸನ್ನು ಎತ್ತಿಕೊಂಡು ಹೊರಗೆ ಬಂದು, ಬಾಗಿಲೆಳೆದು, ‘ನಾಲ್ಕು ಗಂಟೆಯವರೆಗೆ ಈ ಬಾಗಿಲನ್ನು ಯಾರೂ ತಟ್ಟಕೂಡದು’ ಎಂದು ಮನೆಗೆಲ್ಲ ಆಜ್ಞೆ ಮಾಡಿದಳು. ಕಂಪನಿಗೆ ಮಗನೇ ಏನೋ ತಿಳಿಸಿದ. ಸೊಸೆ ಆ ದಿನ ಆರು ಗಂಟೆ ಕಾಲ ಮಲಗಿದ್ದಳು. ಎದ್ದ ಮೇಲೆ ಅತ್ತೆ ಸೊಸೆಯರು ಬಹಳ ಹೊತ್ತು ಮಾತನಾಡಿದರು. ನಾನು ಹಿರಿಯ ಹುಡುಗಿಯನ್ನು ಕರೆದುಕೊಂಡು ಕೆಳಗಿನ ಹೂದೋಟಕ್ಕೆ ಹೋದೆ. ನನ್ನ ಮೂರು ಮಕ್ಕಳಲ್ಲಿ ಒಂದನ್ನೂ ನಾನು ಹೀಗೆ ಕೈಹಿಡಿದು ತಿರುಗಿಸಿದವನಲ್ಲವಾದುದರಿಂದ ಕಾಲು ಗಂಟೆಯೊಳಗೆ ನನ್ನ ಕಥೆಗಳೆಲ್ಲ ಮುಗಿದುಹೋದುವು.

ಅದೇ ವಾರ ಮಗ ಅವಳನ್ನು ವೈದ್ಯರ ಬಳಿಗೆ ಕರೆದೊಯ್ದ. ವೈದ್ಯೆ ಒಂದು ಹಾಳೆಯನ್ನು ಕೊಟ್ಟು ಗುರುತುಹಾಕಲು ಹೇಳಿದರಂತೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಹೆಸರಿನ ಆ ಪ್ರಶ್ನಾವಳಿಯನ್ನು ಜಾನ್ ಕಾಕ್ಸ್ ಎಂಬವರೂ ಅವರ ಸಂಗಡಿಗರೂ 1987ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿಯೂ ಅದು ಬಳಕೆಗೆ ಬಂದಿದೆ. ಪ್ರಶ್ನೆಗಳು ಹತ್ತೇ, ಎಲ್ಲವೂ ಕಳೆದ ಏಳು ದಿನಗಳನ್ನು ಕುರಿತವು. ಮೊದಲನೆಯದು ನಗುವಿಗೆ ಸಂಬಂಧಿಸಿದ್ದು. ಕೊನೆಯದು ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆಗೆ ಸಂಬಂಧಿಸಿದ್ದು. ಇದರಿಂದಲೇ ರೋಗವು ನಿರ್ಣಯವಾಗುವುದಿಲ್ಲ. ಇವರನ್ನು ಇನ್ನಷ್ಟು ಗಮನವಿಟ್ಟು ವಿಚಾರಿಸಬೇಕೆಂಬುದು ಮಾತ್ರ ತಿಳಿಯುತ್ತದೆ. ಹತ್ತು ಪ್ರಶ್ನೆಗಳಲ್ಲಿ ಮಗುವಿನ ತೂಕದ ಮಾತೇ ಇಲ್ಲವೆಂಬುದನ್ನು ನಾನು ಗಮನಿಸಿದೆ.

ನಮ್ಮವರಿಗೆ ಬಾಣಂತಿ ಸನ್ನಿಯೆಂಬುದು ತಿಳಿದಿತ್ತು. ಹೆರಿಗೆಯಾದ ಹೊಸದರಲ್ಲಿ ಬುದ್ಧಿ ಕದಡಿ, ಇಲ್ಲದುದನ್ನು ಕಂಡು ಕೇಳಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಆ ಸ್ಥಿತಿ ಅಪರೂಪ. ಕಣ್ಣಿಗೆ ಕಾಣುವಂಥದಾದ್ದರಿಂದ ಅದಕ್ಕೊಂದು ಹೆಸರು ಬಂದಿತು. ಸದ್ದಿಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಿಲ್ಲುವ ಈ ಇನ್ನೊಂದು ಬೇನೆ ಅದಕ್ಕಿಂತ ಬಹಳ ಸಾಮಾನ್ಯ. ಎರಡಕ್ಕೂ ಚಿಕಿತ್ಸೆಯುಂಟು. ತಾಯಿಯನ್ನೂ ಕೂಸನ್ನೂ ಅಗಲಿಸದೆ ಜೊತೆಯಲ್ಲಿಯೇ ಇಟ್ಟುಕೊಂಡು ನೋಡುವ ವಿಭಾಗವೊಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತೆರೆಯಿತು. ಸರ್ಕಾರದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ 2022ರ ಅಕ್ಟೋಬರಿನಲ್ಲಿ ಪ್ರಾರಂಭವಾಯಿತು. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾದುದಿಲ್ಲ. ನಮ್ಮ ಸೊಸೆಗೆ ಆಸ್ಪತ್ರೆಯಲ್ಲಿ ಇರಬೇಕಾಗಿ ಬರಲಿಲ್ಲ. ಕೆಲವು ತಿಂಗಳು ಔಷಧ, ವಾರಕ್ಕೊಮ್ಮೆ ಮಾತುಕತೆ, ರಾತ್ರಿ ಐದು ಗಂಟೆಯಾದರೂ ಒಡೆಯದ ನಿದ್ರೆ — ಇಷ್ಟು ವೈದ್ಯೆಯ ಕಟ್ಟಳೆ. ಮೊದಲೆರಡಕ್ಕೆ ಹಣ ಸಾಕು. ಮೂರನೆಯದಕ್ಕೆ ಮನೆಯವರು ಬೇಕು.

ತಾಯಿಯ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ ಹುಡುಗಿಯ ವಿಷಯ ನನ್ನ ಮನಸ್ಸನ್ನು ಬಿಡಲಿಲ್ಲ. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ನಡೆಸಿದ ಪರೀಕ್ಷೆಯೊಂದನ್ನು — ಅದು ಪ್ರಕಟವಾದುದೂ 1978ರಲ್ಲಿಯೇ — ಮಗ ನನಗೆ ಓದಲು ಕೊಟ್ಟ. ಕೂಸಿನೊಡನೆ ನಕ್ಕು ಆಡುತ್ತಿರುವ ತಾಯಿ ಎರಡು ಮೂರು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಮತ್ತೆ ಮತ್ತೆ ಕರೆಯುತ್ತದೆ. ಫಲವಿಲ್ಲವೆಂದು ಕಂಡಾಗ ಮುಖ ತಿರುಗಿಸಿಬಿಡುತ್ತದೆ. ಇದನ್ನು ತಿಳಿದು ಯಾರಾದರೂ ತಾಯಂದಿರ ಮೇಲೆ ತಪ್ಪು ಹೊರಿಸಲು ಹೊರಟರೆ ಅದಕ್ಕಿಂತ ಅನ್ಯಾಯವಿಲ್ಲ. ಸುಖವಾಗಿರುವ ತಾಯಿ ಮಕ್ಕಳಲ್ಲಿಯೂ ತಾಳ ದಿನಕ್ಕೆ ಎಷ್ಟೋ ಸಲ ತಪ್ಪುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಳ್ಳುವುದೇ ಮುಖ್ಯವೆಂದು ಅವರೇ ಕಂಡುಕೊಂಡಿದ್ದಾರೆ. ಮುಖ ಕಲ್ಲಾಗುವಷ್ಟು ದಣಿಯುವವರೆಗೆ ಒಬ್ಬಳನ್ನು ಒಂಟಿಯಾಗಿ ಬಿಟ್ಟವರು ಯಾರೆಂಬುದು ಬೇರೆಯೇ ಪ್ರಶ್ನೆ.

ನಾವು ಒಂದು ವಾರಕ್ಕೆಂದು ಹೋದವರು ಐದು ತಿಂಗಳು ನಿಂತೆವು. ರಾತ್ರಿ ಒಂದು ಗಂಟೆಯವರೆಗೆ ಕೂಸು ಅಜ್ಜಿಯದು. ಅಲ್ಲಿಂದ ಬೆಳಗಿನವರೆಗೆ ಮಗನದು. ಅವನಿಗೆ ಮೊದಮೊದಲು ಮೇಲುಹಾಲು ಬೆರೆಸುವುದೂ ತಿಳಿಯದು. ಒಂದು ದಿನ ಅವನು ತಾನಾಗಿಯೇ ಹೇಳಿದ: ಎಷ್ಟೋ ಸಂಜೆ ಅವನು ಕೆಳಗೆ ಕಾರು ನಿಲ್ಲಿಸಿ, ಮೇಲೆ ಬರಲು ಧೈರ್ಯ ಸಾಲದೆ ಕಾಲು ಗಂಟೆ ಅಲ್ಲಿಯೇ ಕುಳಿತಿರುತ್ತಿದ್ದನಂತೆ. ಅವನನ್ನೂ ಯಾರೂ ಕೇಳಿರಲಿಲ್ಲ. ನಾನಂತೂ ಕೇಳುವವನೇ ಅಲ್ಲ.

ಐದು ತಿಂಗಳಲ್ಲಿ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಸೊಸೆ ಒಂದು ವಾರ ನಗುವಳು, ಮುಂದಿನ ವಾರ ಮತ್ತೆ ಮಂಕು. ದಸರೆಯ ಹೊತ್ತಿಗೆ ನಗುವ ವಾರಗಳು ಹೆಚ್ಚಿದುವು. ಬೊಂಬೆಯ ಬಾಯಿಗೆ ಕೈ ಅಡ್ಡವಿಡುವುದು ಯಾವಾಗ ನಿಂತಿತೆಂಬುದನ್ನು ನಾವು ಯಾರೂ ಗಮನಿಸಲಿಲ್ಲ. ಹುಡುಗಿ ಒಂದು ದಿನ ಅದೇ ಬೊಂಬೆಯನ್ನು ಗದರಿಸಿ ಜೋರಾಗಿ ಅಳಿಸುತ್ತಿದ್ದುದನ್ನು ನೋಡಿ ನನ್ನ ಹೆಂಡತಿ ಸಂತೋಷಪಟ್ಟಳು.

2025ರ ಮಾರ್ಚಿಯಲ್ಲಿ, ಕುಂಭಮೇಳದ ಜನಸಂದಣಿಯೆಲ್ಲ ಕರಗಿದ ಮೇಲೆ, ನಾವಿಬ್ಬರೂ ನರಸೀಪುರಕ್ಕೆ ಹೋಗಿದ್ದೆವು. ಕಾವೇರಿ ಕಪಿಲೆಗಳು ಕೂಡುವಲ್ಲಿ ನೀರು ಮುಟ್ಟಿ, ಹಾಗೆಯೇ ಹಳ್ಳಿಗೂ ಹೋಗಿ ಬರೋಣವೆಂದಳು. ನಮ್ಮ ಮನೆಯನ್ನು ಮಾರಿ ಬಹಳ ಕಾಲವಾಯಿತು. ಭಜನೆಮನೆಯ ಜಗಲಿ ಇಲ್ಲ. ಆದರೆ ಅಂಗನವಾಡಿ ಇದೆ, ಸ್ವಂತ ಕಟ್ಟಡದಲ್ಲಿ. ಗೋಡೆಯ ಮೇಲೆ ಅಕ್ಷರಗಳು, ಆನೆ, ನವಿಲು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಲ್ಲಿಯೇ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಪ್ರಾರಂಭವಾದುದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಆ ದಿನ ಮೂವರು ಹೆಂಗಸರು ಸಾಲಾಗಿ ಕುಳಿತು ಉಣ್ಣುತ್ತಿದ್ದರು. ಅವರಲ್ಲೊಬ್ಬಳ ಕೂಸನ್ನು ಕಾರ್ಯಕರ್ತೆ ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

‘ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತುಕೊಂಡು ಬಾ’ ಎಂದೆ.

ಅವಳು ನನ್ನ ಮುಖವನ್ನು ನೋಡಿ ನಕ್ಕಳು. ‘ಈಗ ಅಪ್ಪಣೆಯಾಯಿತೇ? ಮಂಡಿ ಹಿಡಿದುಕೊಂಡಿದೆ. ಕೆಳಗೆ ಕೂತರೆ ಏಳಿಸುವವರು ಯಾರು?’ ಎಂದಳು. ಅಷ್ಟರಲ್ಲಿ ಕಾರ್ಯಕರ್ತೆ, ‘ಬನ್ನಿ ಅಜ್ಜಿ, ಕುರ್ಚಿ ಹಾಕ್ತೀನಿ’ ಎಂದು ಕರೆದಳು. ಹೆಂಡತಿ ಕೈಚೀಲವನ್ನು ನನ್ನ ಕೈಗಿತ್ತು ಒಳಕ್ಕೆ ಹೋದಳು. ನಾನು ಹೊರಗೆ ಹುಣಿಸೆಯ ಮರದ ಕೆಳಗೆ ಚೀಲ ಹಿಡಿದುಕೊಂಡು ಮುಕ್ಕಾಲು ಗಂಟೆ ಕಾದೆ.